ಪಾಪು ಗಿಡಕ್ಕೆ ಎಳನೀರು

ದ್ಯಾವಮ್ಮನವರ ಬಾಯಲ್ಲಿ ಪಾಪ್ಲರ್ ಗಿಡ ಮೊದಲ ದಿನವೇ ‘ಪಾಪು ಗಿಡ’ ಆಯಿತು. ನಾನು ಎರಡು ಸಲ ತಿದ್ದಿದೆ.

“ನಾನೂ ಅದ್ನೇ ಅಲ್ವೇನವ್ವ ಅಂದಿದ್ದು? ಪಾಪು,” ಎಂದರು. ಮೂರನೆಯ ಸಲ ತಿದ್ದಲು ಮನಸ್ಸಾಗಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ನಾನೂ, ನಮ್ಮ ಮುಖ್ಯಸ್ಥರಾದ ಶರತ್ಚಂದ್ರ ಅವರೂ ಹಾಗೆಯೇ ಅನ್ನತೊಡಗಿದ್ದೆವು.

ದ್ಯಾವಮ್ಮ ಬಸ್ತಿಹಳ್ಳಿಯವರು. ವಯಸ್ಸು ಕೇಳಿದರೆ ಅರವತ್ತಕ್ಕೆ ಎರಡು ಕಮ್ಮಿ ಎನ್ನುತ್ತಾರೆ. ಹೋದ ವರ್ಷವೂ ಎರಡೇ ಕಮ್ಮಿಯಿತ್ತು. ಗಂಡ ಹನುಮಯ್ಯ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ ಕಾಲದಲ್ಲಿ ಇವರು ನಾರು ಬಿಡಿಸಿ ಕೊಡುತ್ತಿದ್ದರಂತೆ. ಆಮೇಲೆ ಹಳೇಬೀಡಿನ ನರ್ಸರಿಗಳಲ್ಲಿ ಗುಲಾಬಿ, ದಾಸವಾಳದ ಕಡ್ಡಿ ನೆಟ್ಟು ನೆಟ್ಟು ಕೈ ಪಳಗಿತು. ನೂರು ಕಡ್ಡಿ ನೆಟ್ಟರೆ ಒಣಗುವುದು ಎರಡೋ ಮೂರೋ. ಆ ಕೈಯನ್ನು ನೋಡಿಯೇ ನಮ್ಮ ಸಣ್ಣ ಸಂಶೋಧನಾ ಕೇಂದ್ರ ಅವರನ್ನು ಗಾಜಿನಮನೆಯ ಕೆಲಸಕ್ಕೆ ಕರೆದುಕೊಂಡಿತು.

ಅವರು ಹೇಳುವ ಕಥೆ ಒಂದೇ, ಮಗಳು ರಮಾಳದ್ದು. ಏಳು ತಿಂಗಳಿಗೇ ಹುಟ್ಟಿದ ಕೂಸು. ಹಾಲೆಳೆಯುವ ಶಕ್ತಿಯೂ ಇರಲಿಲ್ಲ. ಹತ್ತಿಯ ಬತ್ತಿ ಹೊಸೆದು, ಹಾಲಲ್ಲಿ ಅದ್ದಿ, ತುಟಿಯ ಮೇಲೆ ಹನಿ ಹನಿಯಾಗಿ ಹಿಂಡಿ ಉಳಿಸಿಕೊಂಡರು. ಆ ರಮಾ ಈಗ ಬೇಲೂರಿನಲ್ಲಿ ನರ್ಸ್. “ಈಗ ಅವ್ಳು ನಂಗೇ ಇಂಜೆಕ್ಷನ್ ಚುಚ್ತಾಳೆ, ಹಿಡ್ಕಂಡು!” ಎಂದು ಕಥೆ ಮುಗಿಸುತ್ತಾರೆ.

ನನ್ನ ಮಗಳಿಗೂ ಆಗ ಏಳು ತಿಂಗಳು. ಕಚೇರಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಹಳೆಯ ಸೀರೆಯ ಜೋಲಿ ಕಟ್ಟಿಕೊಟ್ಟವರು ದ್ಯಾವಮ್ಮನೇ. ಅರಸೀಕೆರೆಯಲ್ಲಿರುವ ನಮ್ಮಪ್ಪ ರೇವಣಸಿದ್ದಪ್ಪನವರಿಗೆ ಪ್ರೀತಿ ತೋರಿಸಲು ಗೊತ್ತಿರುವುದು ಒಂದೇ ದಾರಿ, ತೋಟದ ಎಳನೀರು. ಪ್ರತಿ ಸೋಮವಾರ ಒಂದು ಚೀಲ ಬಸ್ಸಿನಲ್ಲಿ ಬಂದಿಳಿಯುತ್ತಿತ್ತು. ನಾನು ಒಂದನ್ನು ಕೆತ್ತಿಸಿಕೊಂಡು ಬಾಯಿಗಿಡಬೇಕು, ದ್ಯಾವಮ್ಮ ಹಾಜರ್.

“ಹಾಲು ಕುಡ್ಸೋಳು ಎಳನೀರು ಕುಡ್ಯೋದಾ? ಮಗೀಗೆ ಶೀತ ಆಯ್ತದೆ. ಇತ್ಲಾಗ್ ಕೊಡಿ.”

ಕಸಿದುಕೊಂಡು ಹೋಗಿಬಿಡುವರು. ತಾವೇ ಕುಡಿಯುತ್ತಾರೆ ಎಂದುಕೊಂಡಿದ್ದೆ.

ಬೆಳಿಗ್ಗೆ ಹತ್ತಕ್ಕೆ ಮಂಜು ಸಿಂಪಡಿಸುವ ನಳಿಕೆಗಳು ನಿಂತ ಮೇಲೆ ಗಾಜಿನಮನೆಯೊಳಗೆ ಹಾಲಿನಂಥ ಬೆಳಕೊಂದು ಉಳಿಯುತ್ತದೆ. ಪಾಪ್ಲರ್ ಎಲೆ ಅರಳಿ ಎಲೆಯ ತಂಗಿಯ ಹಾಗೆ. ಗಾಳಿ ಇಲ್ಲದಿದ್ದರೂ ನಡುಗುತ್ತದೆ. ಬಸ್ತಿಹಳ್ಳಿಯ ಬಸದಿಯ ನುಣುಪು ಕಂಬದಲ್ಲಿ ನಮ್ಮದೇ ಮುಖ ಉದ್ದವಾಗಿ, ಯಾರದೋ ಎನ್ನುವಂತೆ ಕಾಣುತ್ತದಲ್ಲ, ಆ ಹೊತ್ತಿನಲ್ಲಿ ಒದ್ದೆ ಗಾಜಿನಲ್ಲೂ ಹಾಗೆಯೇ ಕಾಣುತ್ತೇನೆ. ಹಾಲು ಕಟ್ಟಿದ ಎದೆ, ಅರ್ಧ ನಿದ್ದೆಯ ಕಣ್ಣು. ಎಷ್ಟೋ ಸಲ ಇದು ಗಿಡಗಳು ಕಾಣುತ್ತಿರುವ ಕನಸು, ನಾನೇ ಅದರೊಳಕ್ಕೆ ತಪ್ಪಿ ಬಂದಿದ್ದೇನೆ ಅನ್ನಿಸಿದ್ದುಂಟು.

ಅಂಥ ಒಂದು ಬೆಳಿಗ್ಗೆ ದ್ಯಾವಮ್ಮ ಕೇಳಿದ್ದರು. “ಬಿಳಿ ದಾರ ಕಟ್ಟಿರವು ಚೆನ್ನಾಗವೆ. ಕೆಂಪು ದಾರದವು ಯಾಕವ್ವ ಹಿಂಗೆ ಸೊರಗವೆ?”

ತಿಳಿದಷ್ಟು ಹೇಳಿದೆ. ಗಿಡ ಏನು ಮಾಡಬೇಕು ಎಂಬುದು ಜೀನ್‌ಗಳಲ್ಲಿ ಬರೆದಿರುತ್ತದೆ. ಅದರ ನಕಲೊಂದು ಹೊರಡುತ್ತದೆ, ಆರ್‌ಎನ್‌ಎ ಅಂತ. ಆ ನಕಲಿನಲ್ಲಿ ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ ತೆಗೆದು, ಬೇಕಾದ್ದನ್ನು ಮಾತ್ರ ಒಂದಕ್ಕೊಂದು ಜೋಡಿಸಬೇಕು. ಆ ಕೆಲಸಕ್ಕೆ ನೆರವಾಗುವ ಜೀನ್ ಒಂದಿದೆ. ಬಿಳಿ ದಾರದವು ಮಾಮೂಲಿ ಗಿಡ, ಕೆಂಪು ದಾರದ ಗಿಡಗಳಲ್ಲಿ ಅದನ್ನು ನಾವೇ ತಗ್ಗಿಸಿದ್ದೇವೆ. ಕಡ್ಡಿ ನೆಟ್ಟಾಗ ಬೇರು ಬರಲು ಆ ಜೀನ್ ಎಷ್ಟು ಬೇಕು ಎಂದು ನೋಡುವುದೇ ನಮ್ಮ ಪರೀಕ್ಷೆ.

“ಕೊಳ್ತಿರೋ ನಾರು ಕಿತ್ತಾಕಿ ಮತ್ತೆ ಹೊಸ್ದಂಗೆ,” ಎಂದರು ದ್ಯಾವಮ್ಮ. ನನ್ನ ಮೂರು ವರ್ಷದ ಓದು ಐದು ಮಾತಿನಲ್ಲಿ ಮುಗಿಯಿತು. ಆಮೇಲೆ ಕೆಂಪು ದಾರದ ಟ್ರೇ ನೋಡುತ್ತ, “ಅಂದ್ರೆ ಬೇಕಂತ್ಲೇ ಸೊರಗ್ಸಿದೀರ,” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ಹಿಂದಿನ ಎರಡು ಸುತ್ತಿನಲ್ಲೂ ಕೆಂಪು ದಾರದ ಮೂವತ್ತು ಕಡ್ಡಿಗಳಲ್ಲಿ ಬೇರು ಬಂದದ್ದು ನಾಲ್ಕೈದಕ್ಕೆ. ಮೂರನೆಯ ಸುತ್ತಿನ ಇಪ್ಪತ್ತೊಂದನೆಯ ದಿನ ಕುಂಡಗಳನ್ನು ಕವುಚಿ ನೋಡಿದರೆ ಇಪ್ಪತ್ತೇಳಕ್ಕೆ ಬೇರು! ಬಿಳಿ, ದಟ್ಟ, ಮಗುವಿನ ತಲೆಗೂದಲಿನಂಥ ಬೇರು. ಶರತ್ಚಂದ್ರ ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಬೇರಿಗೂ ಈ ಜೀನ್‌ಗೂ ಸಂಬಂಧವೇ ಇಲ್ಲ ಅಂತಾಯ್ತಲ್ಲ ಹೇಮಲತಾ. ಶುಕ್ರವಾರ ವರದಿ ಕಳಿಸಬೇಕು, ಬರೆದುಬಿಡಿ.”

ನನಗೆ ಸಮಾಧಾನವಾಗಲಿಲ್ಲ. ಟ್ರೇ ಮತ್ತೆ ನೋಡಿದೆ. ಬಿಳಿ ದಾರದ ಕಡೆ ಒಂದು ಇರುವೆಯೂ ಇರಲಿಲ್ಲ. ಕೆಂಪು ದಾರದ ಕಡೆ ಸಾಲುಗಟ್ಟಿದ್ದವು. ಮೂಲೆಯ ಕುಂಡದ ಹಿಂದೆ ಒಂದು ಹತ್ತಿಯ ಬತ್ತಿ ಬಿದ್ದಿತ್ತು. ಒಣಗಿ ಗಟ್ಟಿಯಾಗಿತ್ತು. ಮೂಸಿದರೆ ಸಿಹಿ.

ದ್ಯಾವಮ್ಮ ಹಿಂದಿನ ಕೋಣೆಯಲ್ಲಿ ಜೋಲಿ ತೂಗುತ್ತ ಕೂತಿದ್ದರು. ಬತ್ತಿಯನ್ನು ಅಂಗೈಯಲ್ಲಿಟ್ಟು ತೋರಿಸಿದೆ.

“ನಂದೇ,” ಎಂದರು, ತಪ್ಪೇನೂ ಮಾಡದವರಂತೆ. “ಕಡ್ಡಿ ಬುಡಕ್ಕೆ ದಿನಾ ನಾಲ್ಕ್ ನಾಲ್ಕ್ ಹನಿ ಎಳನೀರು ಬುಟ್ಟೆ. ಗುಲಾಬಿಗೂ ಹಂಗೇ ಮಾಡ್ತಿದ್ದೆ, ಚೆಂದಾಗಿ ಬೇರು ಬುಡ್ತದೆ. ನಿಮ್ಮಪ್ಪಾರು ಕಳ್ಸಿದ್ದೇ ಕಣವ್ವ, ಬ್ಯಾರೆ ಯಾರ್ದೂ ಅಲ್ಲ.”

“ಅಯ್ಯೋ ದ್ಯಾವಮ್ಮೋರೆ! ಬೇರು ಬರುತ್ತೋ ಇಲ್ವೋ ಅಂತ ನೋಡೋದಕ್ಕೇ ತಾನೇ ಅವನ್ನ ಹಾಗೆ ಬಿಟ್ಟಿದ್ದು?”

ಜೋಲಿ ನಿಂತಿತು. ಅವರಿಗೆ ಅರ್ಥವಾದದ್ದು ಮುಖದಲ್ಲಿ ಮೆಲ್ಲಗೆ, ಇಬ್ಬನಿ ಇಳಿದಂತೆ ಇಳಿಯಿತು. “ಅಂದ್ರೆ ನಿಮ್ ಕೆಲ್ಸ ಕೆಡಿಸ್ಬುಟ್ನಾ?”

ಗಾಜಿನಮನೆಯ ಬಾಗಿಲಲ್ಲೇ ಬೋರ್ಡಿದೆ: ಹೊರಗಿನ ಯಾವ ವಸ್ತುವನ್ನೂ ಒಳಗೆ ತರಕೂಡದು, ತಂದವರಿಗೆ ಮತ್ತೆ ಪ್ರವೇಶವಿಲ್ಲ. ದ್ಯಾವಮ್ಮನಿಗೆ ಅದನ್ನು ಓದಿ ಹೇಳಿದವಳು ನಾನೇ. ಈಗ ನಿಜ ಹೇಳಿದರೆ ಅವರು ಆ ಗಿಡಗಳ ಹತ್ತಿರ ಇನ್ನೆಂದೂ ಹೋಗುವಂತಿಲ್ಲ. ಹೇಳದಿದ್ದರೆ ಶುಕ್ರವಾರ ಸುಳ್ಳೊಂದು ನನ್ನ ಹೆಸರು ಹೊತ್ತು ಹೋಗುತ್ತದೆ. ಮಗಳಿಗೆ ಹಾಲು ಕುಡಿಸುತ್ತ ಎರಡನ್ನೂ ತೂಗಿ ನೋಡಿದೆ. ನಿಜ ಬರೆಯದೆ ವಿಧಿಯಿರಲಿಲ್ಲ. ಹೇಗೆ ಶುರು ಮಾಡುವುದು ಎಂದು ಯೋಚಿಸುತ್ತ ಹೊರಗೆ ಬಂದರೆ ದ್ಯಾವಮ್ಮ ಆಗಲೇ ಶರತ್ಚಂದ್ರ ಅವರ ಮೇಜಿನ ಮುಂದೆ ನಿಂತಿದ್ದರು.

“ಎಳನೀರಾ?” ಎನ್ನುತ್ತಿದ್ದರು ಅವರು.

“ಊಂ ಸಾ. ಹೇಮವ್ವಂಗೆ ಗೊತ್ತಿರ್ನಿಲ್ಲ. ಗಿಡಕ್ಕಿಂತ ಮುಂಚೆ ನಂಗೇ ಬುದ್ಧಿ ಹೊಸೀಬೇಕಿತ್ತು.”

ಶರತ್ಚಂದ್ರ ಅವರಿಗೆ ಸಿಟ್ಟು ಬಂದಿತ್ತು. ಅದರ ಬೆನ್ನಿಗೇ ನಗುವೂ ಬಂತೆಂದು ಕಾಣುತ್ತದೆ, ಕಿಟಕಿಯ ಕಡೆ ತಿರುಗಿದರು. ನಾನು ನಡುವೆ ಬಾಯಿ ಹಾಕಿದೆ. ದ್ಯಾವಮ್ಮನ ಬದಲು ಬೇರೆಯವರು ನೆಟ್ಟರೆ ಕಡ್ಡಿಗಳಲ್ಲಿ ಅರ್ಧ ಹಾಗೆಯೇ ಒಣಗುತ್ತವೆ, ಆಗ ಜೀನ್‌ನ ದೋಷವೋ ಕೈಯ ದೋಷವೋ ಗೊತ್ತಾಗುವುದಿಲ್ಲ ಎಂದೆ. ಶರತ್ಚಂದ್ರ ಅವರು ಈ ಕಡೆ ತಿರುಗಿ ಹೇಳಿದರು: “ವರದಿ ನಿಲ್ಲಿಸಿ, ಇನ್ನೊಂದು ಸುತ್ತು ಮಾಡೋಣ. ಮೂರು ಗುಂಪು. ಬಿಳಿ ದಾರ, ಕೆಂಪು ದಾರ, ಎಳನೀರು ಕೊಟ್ಟ ಕೆಂಪು ದಾರ. ದ್ಯಾವಮ್ಮ, ಎರಡನೇ ಗುಂಪಿಗೆ ಒಂದೇ ಒಂದು ಹನಿ ಬಿದ್ರೂ ಅವತ್ತಿಗೆ ಮುಗೀತು.”

“ಹಸ್ದಿರೋ ಮಗೀನ್ ಮುಂದೆ ಕೂತ್ಕಂಡು ಸುಮ್ಕಿರು ಅಂತೀರ.”

“ಹೂಂ. ಇಪ್ಪತ್ತೊಂದು ದಿನ.”

ಆ ಇಪ್ಪತ್ತೊಂದು ದಿನ ದ್ಯಾವಮ್ಮ ಪಟ್ಟ ಪಾಡು ನನ್ನ ಡೈರಿಯಲ್ಲಿದೆ. ಐದನೆಯ ದಿನ: ಎರಡನೇ ಗುಂಪಿಗೆ ನೀರು ಅಳೆದು ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡರು. ಒಂಬತ್ತನೆಯ ದಿನ: “ಒಂದ್ಕೆ ಕೊಟ್ಟು ಒಂದ್ಕೆ ಬುಡೋದು ಯಾವ ನ್ಯಾಯ?” ಎಂದು ಗಿಡಗಳೆದುರಿಗೇ ನನ್ನನ್ನು ಕೇಳಿದರು. ಹದಿನಾಲ್ಕು: ಮೂರನೆಯ ಗುಂಪಿಗೆ ಎಳನೀರು ಕೊಟ್ಟು ಮುಗಿಸಿದವರು, ಬತ್ತಿಯಲ್ಲಿ ಇನ್ನೂ ಒಂದು ಹನಿ ತೂಗುತ್ತಿದ್ದಾಗ, ಎರಡನೇ ಗುಂಪಿನ ಮುಂದೆ ನಿಂತುಬಿಟ್ಟರು. ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ. ಹನಿ ಬೆಳಕಿನಲ್ಲಿ ಪುಟ್ಟ ದೀಪದ ಹಾಗೆ ಹೊಳೆಯಿತು. ದ್ಯಾವಮ್ಮ ಆ ಬತ್ತಿಯನ್ನು ಪಟಕ್ಕನೆ ತಮ್ಮ ಬಾಯಿಗೇ ಇಟ್ಟುಕೊಂಡರು.

ಇಪ್ಪತ್ತೊಂದನೆಯ ದಿನ ಮೂವರೂ ಕೂತು ಕುಂಡ ಕವುಚಿದೆವು. ಬಿಳಿ ದಾರದ ಮೂವತ್ತರಲ್ಲಿ ಇಪ್ಪತ್ತೊಂಬತ್ತಕ್ಕೆ ಬೇರು. ಎಳನೀರು ಕುಡಿದ ಕೆಂಪು ದಾರದಲ್ಲಿ ಇಪ್ಪತ್ತಾರು. ಏನೂ ಕೊಡದ ಕೆಂಪು ದಾರದಲ್ಲಿ ಮೂರು. ಆ ಜೀನ್ ಬೇರಿಗೆ ಬೇಕು, ಅದು ಕಮ್ಮಿಯಾದರೂ ಹೊರಗಿನ ನೆರವಿಗೆ ಕಡ್ಡಿ ಓಗೊಡುತ್ತದೆ. ಮೂರು ವರ್ಷ ಕೇಳಬೇಕೆಂದೇ ನಮಗೆ ಹೊಳೆಯದಿದ್ದ ಪ್ರಶ್ನೆ ಅದು. ಶರತ್ಚಂದ್ರ ಅವರು ಬರೆದುಕೊಳ್ಳುತ್ತಲೇ ಹೇಳಿದರು: “ಎಳನೀರಲ್ಲಿ ಏನಿದೆ ಅಂತ ಮುಂದಿನ ಸುತ್ತು. ನಾಳೆ ಬರ್ತೀರಲ್ಲ ದ್ಯಾವಮ್ಮ?”

ದ್ಯಾವಮ್ಮ ಬೇರಿಲ್ಲದ ಒಂದು ಕಡ್ಡಿಯನ್ನು ಅಂಗೈ ಮೇಲಿಟ್ಟುಕೊಂಡು ಕೂತಿದ್ದರು. “ನಿನ್ ಪಾಲಿಗೆ ನಾನು ಮಲತಾಯಿ ಆದೆ ಕಣೋ,” ಎಂದು ಅದಕ್ಕೆ ಹೇಳಿ, ಪರೀಕ್ಷೆ ಮುಗಿದ ಗಿಡಗಳನ್ನು ಬೇಯಿಸಿ ನಾಶ ಮಾಡಲು ತುಂಬುವ ಚೀಲಕ್ಕೆ ತಾವೇ ಇಳಿಸಿದರು. ಆಮೇಲೆ ಕೈ ತೊಳೆದು, “ಬತ್ತೀನಿ ಸಾ, ಬರ್ದೆ ಎಲ್ಲೋಗ್ಲಿ,” ಎಂದರು.

ಅವತ್ತು ಸೋಮವಾರ. ಅಪ್ಪನ ಚೀಲ ಬಂದಿತ್ತು. ದ್ಯಾವಮ್ಮ ಎಲ್ಲಕ್ಕಿಂತ ಎಳೆಯದನ್ನು ಆರಿಸಿ, ಕೆತ್ತಿ, ಹಿಂದಿನ ಕೋಣೆಗೆ ತಂದು ನನ್ನ ಕೈಗೇ ಕೊಟ್ಟರು.

“ಕುಡೀರವ್ವ.”

“ಮಗೂಗೆ ಶೀತ ಆದ್ರೆ?”

“ಎಲ್ಡು ಸೀನು ಸೀನ್ತದೆ, ಬುಡಿ. ಇವತ್ತು ಇನ್ನೊಬ್ಬರಿಗೆ ಇಲ್ಲ ಅನ್ನಕ್ಕೆ ನನ್ ಕೈಲಿ ಆಗಕಿಲ್ಲ.”

ಕುಡಿದೆ. ಜೋಲಿಯೊಳಗಿಂದ ಮಗಳು ಕಣ್ಣು ಬಿಟ್ಟು ನೋಡುತ್ತಿದ್ದಳು. ದ್ಯಾವಮ್ಮ ಅವಳನ್ನೇ ನೋಡುತ್ತ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆಯತೊಡಗಿದ್ದನ್ನು ಕಂಡು ಎಳನೀರನ್ನು ಬೇಗ ಬೇಗ ಮುಗಿಸಿಬಿಟ್ಟೆ.