ಸಂಕಪ್ಪನನ್ನು ಏನು ಮಾಡುವುದು?

ಮೂರು ವಾರಗಳಿಂದ ನಾನು ಒಬ್ಬ ಮನುಷ್ಯನನ್ನು ಕೊಲ್ಲಬೇಕೋ ಬೇಡವೋ ಎಂದು ತಲೆಕೆಡಿಸಿಕೊಂಡು ಕೂತಿದ್ದೆ. ಗಾಬರಿ ಬೇಡ, ಅವನು ನನ್ನ ಕಾದಂಬರಿಯವನು. ಮೂಡುಬಿದಿರೆಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು, ಸಾವಿರದ ಒಂಬೈನೂರ ಅರವತ್ತರ ಆಚೀಚೆ, ಮಂಗಳೂರಿನ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಅದರಲ್ಲಿ ಸಂಕಪ್ಪನೆಂಬ ಧಣಿ, ಒಕ್ಕಲಿನವನ ಗುಡಿಸಲಿಗೆ ಬೆಂಕಿ ಇಟ್ಟವನು. ಆ ಒಕ್ಕಲಿನವನ ಮಗ ವಾಸು ನನ್ನ ಹಾಗೆ ನಾಲ್ಕಕ್ಷರ ಓದಿದವನು, ಸಭ್ಯ. ಕೊನೆಗೆ ಸಂಕಪ್ಪನಿಗೆ ಪಶ್ಚಾತ್ತಾಪವಾಗಬೇಕು, ಅವನು ವಾಸುವಿನ ಕಾಲು ಹಿಡಿಯಬೇಕು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ನಾವು ಜೈನರು, ಕಚ್ಚಿದ ನುಸಿಗೂ ಮನಸ್ಸು ತಿದ್ದಿಕೊಳ್ಳಲು ಸಮಯ ಕೊಡುವ ಪೈಕಿ.

ಓದುವವರು ಒಪ್ಪಬೇಕಲ್ಲ. ಒಂದು ದಿನ ಸಿದ್ಧಕಟ್ಟೆ ದಾಟಿ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಟಿಕೇಟು ಹರಿಯುತ್ತಾ, "ಮಾಷ್ಟ್ರೇ, ಈ ವಾರವಾದರೂ ಅವನನ್ನು ಮುಗಿಸ್ತೀರೋ ಇಲ್ಲವೋ?" ಎಂದು ಕೇಳಿದ. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕ ತನ್ನ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದ.

ಕಂಡಕ್ಟರು ಹಾಗಿರಲಿ, ನನ್ನ ಹೆಂಡತಿ ಪದ್ಮಾವತಿಯನ್ನು ನೋಡಿ. ಬೆಳಿಗ್ಗೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಆ ಬಟ್ಟೆಯನ್ನು ಮಗುಚಿ, ಅದಕ್ಕೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಗಳೆಲ್ಲ ಸುಖವಾಗಿ ಮನೆ ಸೇರಲಿ ಎಂದು ಮತ್ತೆ ಬಾವಿಗೇ ಬಿಡುವವಳು. ಅದೇ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ಪಶ್ಚಾತ್ತಾಪ ಗಿಶ್ಚಾತ್ತಾಪ ಬೇಡ. ಅವನು ಸಾಯಬೇಕು. ಸುಮ್ಮನೆ ಅಲ್ಲ, ನರಳಿ ಸಾಯಬೇಕು."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಇದು ಇವಳೊಬ್ಬಳ ಚಾಳಿಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ನಮ್ಮ ಹಳೆಯ ಜೈನ ಕವಿಗಳನ್ನೇ ತೆಗೆದುಕೊಳ್ಳಿ. ವೈರಾಗ್ಯ ಹೇಳಲಿಕ್ಕೆಂದೇ ಕಾವ್ಯಕ್ಕೆ ಕೈಹಾಕಿದವರು, ರಣರಂಗ ಬಂದರೆ ಸಾಕು, ರುಂಡ, ಮುಂಡ, ನೆತ್ತರ ಹೊಳೆ ಎಂದು ಮೈಮರೆಯುತ್ತಾರೆ. ದೀಕ್ಷೆಯ ಪ್ರಸಂಗ ಬರುವಷ್ಟರಲ್ಲಿ ಅವರಿಗೂ ದಣಿವು, ನಮಗೂ ದಣಿವು.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ವಾಸುವಿನ ಕೈಗೆ ಕತ್ತಿ ಕೊಟ್ಟೆ. ಒಂದು ಪುಟವನ್ನು ಇಡೀ ದಿನ ತಿದ್ದುತ್ತಿದ್ದವನು, ಅಂದು ಪೆನ್ನು ಎತ್ತದೆ ಬರೆದೆ. ಸಂಕಪ್ಪ ಅಂಗಲಾಚಿದ, ನಾನು ಬಿಡಲಿಲ್ಲ. ಎಲ್ಲಿ ಕಡಿದರೆ ಮನುಷ್ಯ ಬೇಗ ಸಾಯುವುದಿಲ್ಲ ಎಂಬುದು, ಕೋಳಿ ಕೊಯ್ಯುವುದನ್ನೂ ನೋಡದ ನನಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಮುಗಿಸುವಾಗ ಮೈಯೆಲ್ಲ ಬೆವರಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಖುಷಿಯಾಗಿತ್ತು.

ಹರಿದು ಹಾಕಿದರೆ ನಾನು ಮೊದಲಿನ ಸಾಧು ಮಾಷ್ಟ್ರಾಗಿಯೇ ಉಳಿಯಬಹುದಿತ್ತು. ಟಪಾಲಿಗೆ ಹಾಕಿದರೆ ನನ್ನೊಳಗೆ ಎಂಥವನು ಕೂತಿದ್ದಾನೆಂದು ಊರಿಗೇ ಗೊತ್ತಾಗುತ್ತಿತ್ತು. ಎರಡೂ ಮಾಡದೆ ಕಾಗದಗಳನ್ನು ಪದ್ಮಾವತಿಗೆ ಕೊಟ್ಟೆ.

ಅವಳು ಅಡಿಗೆಮನೆಯ ಗೋಡೆಗೆ ಒರಗಿ ಓದಿದಳು. "ಇಷ್ಟು ಚೆನ್ನಾಗಿ ನೀವು ಈವರೆಗೆ ಬರೆದದ್ದಿಲ್ಲ, ಕಳಿಸಿ" ಎಂದಳು. ಆಮೇಲೆ ನನ್ನ ಕೈ ನೋಡುತ್ತಾ, "ಇದನ್ನೆಲ್ಲ ನೀವು ಎಲ್ಲಿ ಇಟ್ಟುಕೊಂಡಿದ್ರಿ?" ಎಂದು ಕೇಳಿದಳು.

"ನೀನು 'ನರಳಿ ಸಾಯಬೇಕು' ಅಂದೆಯಲ್ಲ, ಅದು ಎಲ್ಲಿತ್ತೋ ಅಲ್ಲೇ" ಎಂದೆ.

ಅವಳು ಕಾಗದಗಳನ್ನು ಮಡಚಿ ಲಕೋಟೆಗೆ ಹಾಕಿದಳು. ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತೆವು. ಎಂದೂ ಇಲ್ಲದ ಹಾಗೆ ಅವಳು, "ಸಾರು ಬಡಿಸಲಾ?" ಎಂದು ಕೇಳಿ ಬಡಿಸಿದಳು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ನಾನೂ ಎಂದಿನಂತೆ ಗೊಣಗದೆ ಉಂಡೆ. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ತುಸು ಹೆಚ್ಚೇ ಮರ್ಯಾದೆ ಕೊಡುತ್ತೇವೆ. ನಾಗರಿಕತೆ ಎಂಬುದು ಮೊದಮೊದಲು ಹುಟ್ಟಿದ್ದೂ ಹೀಗೆಯೇ ಇರಬೇಕು.