ಸರೋಜಮ್ಮನವರ ಮಳೆಪುಸ್ತಕ

ನಾನು ಹುಟ್ಟಿದ್ದು ಜಾವಳಿಯಲ್ಲಿ, ನನ್ನ ತಾಯಿಯ ತವರಿನಲ್ಲಿ. ಹೇಮಾವತಿ ಹುಟ್ಟುವುದೂ ಅಲ್ಲೇ. ಹೊಳೆ ಅಲ್ಲಿಂದ ಹೊರಟು ಎಷ್ಟೋ ಊರಿನ ಗದ್ದೆಗೆ ನೀರಾಯಿತು. ನಾನು ಅಲ್ಲಿಂದ ಹೊರಟು ಜಲಸಂಪನ್ಮೂಲ ವಿಷಯದಲ್ಲಿ ಡಾಕ್ಟರೇಟ್ ತೆಗೆದುಕೊಂಡೆ. ಇಬ್ಬರಲ್ಲಿ ಯಾರು ಉಪಯೋಗಕ್ಕೆ ಬಂದರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು.

ಆದರೆ ಹೇಳಹೊರಟಿದ್ದು ನನ್ನ ಕಥೆಯಲ್ಲ, ಸಂಸೆಯ ಸರೋಜಮ್ಮನವರದು. ನನ್ನ ಮೂರ್ಖತನವನ್ನು ಬಿಟ್ಟು ಅವರ ಕಥೆ ಹೇಳಲು ಆಗುವುದಿಲ್ಲ, ಅದಕ್ಕೇ ನಾನೂ ನಡುವೆ ಬಂದು ಹೋಗುತ್ತೇನೆ.

ಸರೋಜಮ್ಮನವರಿಗೆ ಈಗ ಅರವತ್ತಮೂರು. ಸಂಸೆಯ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಅವರ ಗಂಡ ಸಿದ್ದಬಸಪ್ಪ ರೈಟರ್ ಆಗಿದ್ದರು. ಆಳುಗಳ ಹಾಜರಿ, ಗೊಬ್ಬರದ ಚೀಲ, ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜದ ತೂಕ, ಎಲ್ಲ ಬರೆಯುವ ಕೆಲಸ. ಅದರ ಜೊತೆಗೆ ಬಂಗಲೆಯ ಅಂಗಳದಲ್ಲಿದ್ದ ರೈನ್‌ಗೇಜಿನ ನೀರನ್ನು ಬೆಳಿಗ್ಗೆ ಎಂಟಕ್ಕೆ ಅಳೆದು ಪುಸ್ತಕಕ್ಕೆ ಏರಿಸಬೇಕು. ಆ ಹೊತ್ತಿಗೆ ಅವರು ತೋಟದೊಳಗೆ ಎಲ್ಲೋ ಇರುತ್ತಿದ್ದರು. ಮದುವೆಯಾಗಿ ಬಂದ ಹತ್ತು ಹದಿನೈದು ವರ್ಷಕ್ಕೆ ಆ ಕೆಲಸ ಹೆಂಡತಿಯ ಪಾಲಿಗೆ ಬಂತು. ಏಳನೇ ಕ್ಲಾಸು ಓದಿದ್ದ ಸರೋಜಮ್ಮ ಅಳತೆಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಇಂಚು, ಸೆಂಟು ಓದುವುದನ್ನು ಒಂದೇ ದಿನದಲ್ಲಿ ಕಲಿತರು. ಒಂದು ಇಂಚಿಗೆ ನೂರು ಸೆಂಟು. ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಕೇಳುವವರಿಗೆ ನೆಂದಂತೆಯೇ ಅನಿಸುವುದಿಲ್ಲ.

ಇಪ್ಪತ್ತೆಂಟು ವರ್ಷ ಅವರು ಒಂದು ದಿನ ತಪ್ಪಿಸಲಿಲ್ಲ. ಸಿದ್ದಬಸಪ್ಪ ತೀರಿಕೊಂಡ ಮರುದಿನದ ಅಳತೆಯೂ ಪುಸ್ತಕದಲ್ಲಿದೆ: ಎರಡು ಇಂಚು ಹದಿನೈದು ಸೆಂಟು. ಷರಾ ಎಂಬ ಕಡೆಯ ಕಾಲಂ ಆ ದಿನ ಖಾಲಿ. ಉಳಿದ ದಿನಗಳಲ್ಲಿ ಅಲ್ಲಿ ಸಿಡಿಲು, ಬಿದ್ದ ಮರ, ಸೇತುವೆ ಮೇಲೆ ನೀರು ಇಂಥವು ಒಂದೆರಡು ಮಾತಿನಲ್ಲಿರುತ್ತವೆ.

ನನಗೆ ಆ ಪುಸ್ತಕಗಳು ಫೋಟೋ ರೂಪದಲ್ಲಿ ಸಿಕ್ಕವು. ನಮ್ಮ ಸಂಸ್ಥೆ ಆಗ ಇಡೀ ಕೃಷ್ಣಾ ಕಣಿವೆಗೆ ಪ್ರವಾಹ ಮುನ್ಸೂಚನೆಯ ಲೆಕ್ಕಾಚಾರ ಕಟ್ಟುತ್ತಿತ್ತು. ಎರಡೂವರೆ ಲಕ್ಷಕ್ಕೂ ಹೆಚ್ಚು ಚದರ ಕಿಲೋಮೀಟರಿನ ನಕ್ಷೆಯನ್ನು ಚೌಕ ಚೌಕವಾಗಿ ಕತ್ತರಿಸಿದ್ದೆವು. ಭದ್ರೆಯ ನೀರು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಹೋಗುವುದರಿಂದ ಸಂಸೆಯೂ ಅದರಲ್ಲಿ ಒಂದು ಚೌಕ. ಊರಿನ ಕಡೆಯವನು ಎಂದು ಆ ಮೂಲೆಯನ್ನು ನನಗೆ ಕೊಟ್ಟರು. ಹಳೆಯ ಮಳೆಯ ಅಂಕಿಗಳನ್ನೂ ಹೊಳೆಯ ಮಟ್ಟದ ಅಂಕಿಗಳನ್ನೂ ಕಂಪ್ಯೂಟರಿಗೆ ಕೊಟ್ಟು, ಮಳೆ ಬಿದ್ದ ಎಷ್ಟು ಹೊತ್ತಿಗೆ ನೀರು ಕೆಳಗಿನ ತಗ್ಗು ಸೇತುವೆಗೆ ಬರುತ್ತದೆ ಎಂದು ಕೇಳಿದೆ. ಮೂವತ್ತು ಗಂಟೆ ಎಂದಿತು.

ಸಂಸೆಯ ಯಾವ ಚಾ ಅಂಗಡಿಯಲ್ಲಿ ಕೇಳಿದ್ದರೂ ಐದಾರು ಗಂಟೆ ಎನ್ನುತ್ತಿದ್ದರು. ನಾನು ಚಾ ಅಂಗಡಿಯಲ್ಲಿ ಕೇಳಲಿಲ್ಲ. ಮೂವತ್ತು ಗಂಟೆಗೆ ಕಾರಣ ಹುಡುಕಿದೆ, ಸಿಕ್ಕಿತು ಕೂಡ. ಮಲೆನಾಡಿನ ಕಾಡಿನ ತರಗೆಲೆ, ಕಾಫಿ ತೋಟದ ನೆರಳು, ಮೆತ್ತನೆಯ ಮಣ್ಣು ಎಲ್ಲ ಸೇರಿ ನೀರನ್ನು ಒಂದು ದಿನ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ ಎಂದು ಹದಿನಾಲ್ಕು ಪುಟದ ಲೇಖನ ಬರೆದೆ. ಸಮ್ಮೇಳನದಲ್ಲಿ ಚಪ್ಪಾಳೆ ತಟ್ಟಿದರು. ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆ ಮಾಡಿದವರು ನನ್ನನ್ನು ನೋಡಿರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಊರವರ ಸಭೆಯಲ್ಲಿ ನಿಂತು, ಇನ್ನು ಮುಂದೆ ಸೇತುವೆ ಮುಳುಗುವ ಹೊತ್ತು ನಿಮ್ಮ ಫೋನಿಗೇ ಬರುತ್ತದೆ, ಅದನ್ನು ನಂಬಿ ಎಂದು ಭಾಷಣ ಮಾಡಿದೆ. ಬೆಳಿಗ್ಗೆ ಅಳತೆಯಾದ ಕೂಡಲೇ ಅದನ್ನು ಎಸ್ಟೇಟ್ ಆಫೀಸಿನ ಲ್ಯಾಂಡ್‌ಲೈನಿನಿಂದ ನಮಗೆ ಹೇಳುವ ಕೆಲಸ ಸರೋಜಮ್ಮನವರದು. ಅವತ್ತೇ ಅವರನ್ನು ಮೊದಲು ಕಂಡಿದ್ದು. ನನ್ನನ್ನು ಯಾರೋ ಡಾಕ್ಟರ್ ಎಂದು ಪರಿಚಯಿಸಿದರು. ಅವರು ಊದಿಕೊಂಡ ಮೊಣಕಾಲು ತೋರಿಸಿ, ಇದಕ್ಕೇನು ಮಾಡೋಣ ಎಂದು ಕೇಳಿದರು. ನಾನು ನೀರಿನ ಡಾಕ್ಟರ್ ಎಂದೆ. "ಇದರಲ್ಲೂ ನೀರೇ ತುಂಬಿರೋದು" ಎಂದರು.

ಆಗಸ್ಟ್ ಆರರ ಬೆಳಿಗ್ಗೆ ಗೇಜಿನಲ್ಲಿ ಆರು ಇಂಚು ಇಪ್ಪತ್ತು ಸೆಂಟು ಇತ್ತು. ನಮ್ಮ ಕಂಪ್ಯೂಟರ್ ಮೂವತ್ತು ಗಂಟೆ ಕೂಡಿಸಿ, ನಾಳೆ ಮಧ್ಯಾಹ್ನ ಎರಡಕ್ಕೆ ಸೇತುವೆ ಮೇಲೆ ನೀರು ಎಂದು ಎಲ್ಲರಿಗೂ ಸಂದೇಶ ಕಳಿಸಿತು. ನೀರು ಅವತ್ತೇ ಮಧ್ಯಾಹ್ನ ಎರಡಕ್ಕೆ ಬಂತು. ಎಸ್ಟೇಟಿಗೆ ಸಾಮಾನು ಮುಟ್ಟಿಸಿ ಕಳಸದ ಕಡೆ ಹೊರಟಿದ್ದ ಡ್ರೈವರ್ ಲಿಂಗಪ್ಪನ ಜೀಪು ಸೇತುವೆಯ ನಡುವೆ ನಿಂತು ಹೋಯಿತು. ಅವನು ಹಾರಿ ದಡದ ನೇರಳೆ ಮರದ ಕೊಂಬೆ ಹಿಡಿದು ಒಂದು ಗಂಟೆ ನೇತಾಡಿದ. ಜನ ಹಗ್ಗ ಎಸೆದು ಎಳೆದುಕೊಂಡರು. ಜೀಪು ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಸಂಸ್ಥೆಯಲ್ಲಿ ವಿಚಾರಣೆ ಆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಹಾಗೆಯೇ, ಲೆಕ್ಕಾಚಾರ ಸರಿಯಾಗಿದೆ, ಸಂಸೆಯ ಅಳತೆಯೇ ನಂಬುವಂತಿಲ್ಲ ಎಂದು ಬರೆದುಕೊಟ್ಟೆ. ಹಾಗಾದರೆ ಅಳೆಯುವವರಿಂದ ಒಂದು ಒಪ್ಪಿಗೆಪತ್ರ ತನ್ನಿ ಎಂದರು. ಅದು ಬಂದರೆ ಸರೋಜಮ್ಮನವರ ಇಪ್ಪತ್ತೆಂಟು ವರ್ಷದ ದಾಖಲೆಯನ್ನು ಕೈಬಿಟ್ಟು, ಗೇಜಿನ ಜಾಗದಲ್ಲಿ ಯಂತ್ರ ಕೂರಿಸುವುದೆಂದು ತೀರ್ಮಾನ. ಪತ್ರವನ್ನು ನಾನೇ ಟೈಪು ಮಾಡಿದೆ. "ನನ್ನ ಅಳತೆಗಳಲ್ಲಿ ತಪ್ಪಾಗಿದೆ" ಎಂಬುದು ಅದರ ಸಾರ.

ಈ ವರ್ಷ ಜುಲೈ ಹದಿನೆಂಟರ ಬೆಳಿಗ್ಗೆ ಪತ್ರ ಹಿಡಿದು ಕಳಸದಿಂದ ಹೊರಟೆ. ಎಸ್ಟೇಟಿಗೆ ಹೋಗುವ ಜೀಪು ಒಂದೇ ಇತ್ತು. ಅದರ ಡ್ರೈವರ್ ಲಿಂಗಪ್ಪ. ಈಗ ಬೇರೆಯವರ ಗಾಡಿ ಓಡಿಸುತ್ತಿದ್ದ.

"ನಿಮ್ಮ ಮೆಸೇಜು ಇನ್ನೂ ಡಿಲೀಟ್ ಮಾಡಿಲ್ಲ ಸಾರ್" ಎಂದ. "ಯಾರಾದ್ರೂ ನಂಬದಿದ್ರೆ ತೋರಿಸ್ಬೇಕಲ್ಲ."

ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ಕಾಫಿ ಗಿಡಗಳನ್ನು ಎಣಿಸುತ್ತ ಕೂತೆ.

ಎಂಟಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಸರೋಜಮ್ಮ ಕಾಫಿ ಕೊಟ್ಟರು. ನಾನು ತೋಳು ಬಳಸಿ ಮೂಗು ಹಿಡಿಯುವಂತೆ ಏನೇನೋ ಹೇಳಿ ಕೊನೆಗೆ ಪತ್ರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಜಗಳವಾಡುತ್ತಾರೆ ಎಂದುಕೊಂಡಿದ್ದೆ.

"ತಪ್ಪು ನಂದೇ ಡಾಕ್ಟ್ರೇ, ಸಹಿ ಹಾಕ್ತೀನಿ" ಎಂದರು. "ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಲಿಂಗಪ್ಪ ಇಲ್ಲಿಗೆ ಅಕ್ಕಿ ತಂದಿದ್ದ. ಆರು ಇಂಚು ಬಿದ್ದಿದೆ, ಇವತ್ತೇ ಸೇತುವೆ ಮುಳುಗುತ್ತೆ, ಇಲ್ಲೇ ಇರು ಅಂದೆ. ಅವ್ನು ಫೋನು ತೋರಿಸ್ದ. ನಾಳೆ ಅಂತ ಇತ್ತು. ಅವ್ರು ಓದಿದವ್ರು, ಅವರಿಗೆ ಗೊತ್ತಿರುತ್ತೆ, ಹಾಗಾದ್ರೆ ಹೋಗು ಮಾರಾಯ ಅಂತ ನಾನೇ ಕಳಿಸ್ದೆ. ಒಂದು ಜೀವ ಹೋಗ್ತಿತ್ತು ನನ್ನ ಬಾಯಿಂದ."

ನಾನು ಆಗ ಏನು ಅಂದುಕೊಂಡೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಸದ್ಯ, ಸುಲಭವಾಗಿ ಮುಗಿಯಿತು ಎಂದುಕೊಂಡೆ. ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟೆ.

"ಯಂತ್ರ ಬಂದ್ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ನಾನು ಎಂತ ಮಾಡೋದು ಅಂತ ಗೊತ್ತಾಗ್ತಿಲ್ಲ, ಅಷ್ಟೇ" ಎಂದು ಅವರು ಗೋಡೆಯ ಗಡಿಯಾರ ನೋಡಿದರು. "ಎಂಟಾಯ್ತು. ಇದೊಂದು ಅಳೆದು ಬಂದು ಹಾಕ್ತೀನಿ."

ಕೊಡೆ ಹಿಡಿದು ಅವರ ಹಿಂದೆ ಹೋದೆ. ಇಷ್ಟು ವರ್ಷ ಅವರ ಅಂಕಿಗಳನ್ನು ಅರೆದು ಕುಡಿದಿದ್ದೆ, ಅವರು ಅಳೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅವರು ಮೊಣಕಾಲು ಹಿಡಿದುಕೊಂಡು ಬಗ್ಗಿ, ಡಬ್ಬಿ ತೆಗೆದು, ನೀರನ್ನು ಗ್ಲಾಸಿಗೆ ನಾಲ್ಕು ಸಲ ತುಂಬಿ ಐದನೆಯ ಸಲ ಅರ್ಧ ಸುರಿದು ಓದಿದರು. ನಾಲ್ಕು ಇಂಚು ಐವತ್ತೆರಡು ಸೆಂಟು. ಆಫೀಸಿಗೆ ಹೋಗಿ ಫೋನಿನಲ್ಲಿ ನಮ್ಮವರಿಗೆ ಹೇಳಿದರು. ಆಮೇಲೆ ಪುಸ್ತಕ ತೆರೆದು ಹದಿನೇಳನೇ ತಾರೀಖಿನ ಎದುರು ಬರೆದರು.

"ಸರೋಜಮ್ಮ, ಇವತ್ತು ಹದಿನೆಂಟು" ಎಂದೆ.

"ಗೊತ್ತು" ಎಂದರು. "ಅಳೆದಿದ್ದು ಇವತ್ತು. ಮಳೆ ಬಿದ್ದಿದ್ದು ನಿನ್ನೆ ಅಲ್ವಾ? ನಿನ್ನೆ ಮಳೇನ ಇವತ್ತಿನ ತಾರೀಖಿಗೆ ಹಾಕಿದ್ರೆ ಸುಳ್ಳು ಬರೆದ ಹಾಗೆ ಅಂತ ನಮ್ಮನೆಯವ್ರು ಮೊದಲ ದಿನವೇ ಹೇಳಿಕೊಟ್ಟಿದ್ರು. ಎಲ್ಲಾ ತೋಟದಲ್ಲೂ ಹೀಗೇ ಬರೆಯೋದು."

ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ನಮ್ಮ ಸಂಸ್ಥೆಯಲ್ಲಿ ಅಳೆದ ದಿನದ ತಾರೀಖಿಗೇ ಮಳೆಯನ್ನು ಬರೆಯುವ ಪದ್ಧತಿ. ಅವರ ಪುಸ್ತಕವೂ ಹಾಗೆಯೇ ಎಂದು ನಾನು ಕೇಳದೆ ತಿಳಿದುಕೊಂಡಿದ್ದೆ. ಹದಿನೆಂಟರ ಬೆಳಿಗ್ಗೆ ಅಳೆದದ್ದನ್ನು ಹದಿನೇಳರ ಬೆಳಿಗ್ಗೆ ಅಳೆದದ್ದೆಂದು ಓದುತ್ತ, ಇಪ್ಪತ್ತೆಂಟು ವರ್ಷದ ಪ್ರತಿ ಮಳೆಯನ್ನೂ ಒಂದೊಂದು ದಿನ ಹಿಂದಕ್ಕೆ ತಳ್ಳಿದ್ದೆ. ಹೊಳೆಯ ಅಂಕಿಗಳು ಮಾತ್ರ ತಮ್ಮ ದಿನದಲ್ಲೇ ಇದ್ದವು. ಮೂವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಆರು. ಕಾಡಿನ ತರಗೆಲೆ ಯಾವ ನೀರನ್ನೂ ಒಂದು ದಿನ ಹಿಡಿದಿಟ್ಟಿರಲಿಲ್ಲ. ಹದಿನಾಲ್ಕು ಪುಟ, ಒಂದು ಚಪ್ಪಾಳೆ, ಒಬ್ಬನ ಜೀಪು. ಎಲ್ಲ ನಾನು ಕೇಳದೇ ಬಿಟ್ಟ ಒಂದು ಪ್ರಶ್ನೆಯಿಂದ.

ಕಳೆದ ವರ್ಷದ ಪುಸ್ತಕ ಕೇಳಿ ಪಡೆದು ಆಗಸ್ಟ್ ಆರರ ಷರಾ ಓದಿದೆ. "ಲಿಂಗಪ್ಪನ ಜೀಪು ಹೋಯಿತು. ಇವತ್ತೇ ಎಂದಿದ್ದೆ. ಆಮೇಲೆ ಹೋಗು ಎಂದೆ. ತಪ್ಪು ನನ್ನದು." ಫೋಟೋ ತೆಗೆದವರು ಷರಾ ಕಾಲಂ ಬೇಡವೆಂದು ಕತ್ತರಿಸಿ ಕಳಿಸುತ್ತಿದ್ದರು. ಹಾಗೆ ಮಾಡಲು ಹೇಳಿದವನೂ ನಾನೇ.

"ಸಹಿ ಎಲ್ಲಿ ಹಾಕ್ಬೇಕು?" ಎಂದು ಅವರು ಪೆನ್ನು ಹಿಡಿದು ಕೇಳಿದರು.

ಪತ್ರವನ್ನು ಎಳೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದೆ. ನಡೆದಿದ್ದನ್ನು ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಪುಸ್ತಕವನ್ನು ತಮ್ಮ ಕಡೆ ತಿರುಗಿಸಿ ಆ ಷರಾ ಮತ್ತೊಮ್ಮೆ ಓದಿಕೊಂಡು, "ಹಾಗಾದ್ರೆ ನಾನು ಲಿಂಗಪ್ಪಂಗೆ ಮೊದ್ಲು ಹೇಳಿದ್ದೇ ಸರಿ ಇತ್ತಾ?" ಎಂದರು.

"ಸರಿ ಇತ್ತು ಸರೋಜಮ್ಮ."

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಒಂದು ವರ್ಷ ಈ ಹೆಂಗಸು ನನ್ನ ತಪ್ಪನ್ನು ಹೊತ್ತುಕೊಂಡು ಬದುಕಿದ್ದರು. ನನಗೆ ಅಳು ಬಂತು, ಜೊತೆಗೆ ಕ್ಷಮಾಪಣೆಯ ಉತ್ಸಾಹವೂ ಬಂತು. ಷರಾ ಕಾಲಮ್ಮಿನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕುತ್ತೇನೆ ಎಂದೆ. "ಬೇಡ, ಅದು ಮಳೆ ಪುಸ್ತಕ" ಎಂದು ಅವರು ಮುಚ್ಚಿಟ್ಟರು.

ಸಂದೇಶ ನಿಲ್ಲಿಸಲು ಹೇಳೋಣವೆಂದರೆ ಅಷ್ಟರಲ್ಲಿ ಲ್ಯಾಂಡ್‌ಲೈನ್ ಸತ್ತಿತ್ತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. "ಚಿಂತೆ ಮಾಡ್ಬೇಡಿ ಸಾರ್, ನಿಮ್ಮ ಮೆಸೇಜು ಈಗ ಯಾರೂ ನಂಬಲ್ಲ" ಎಂದು ಲಿಂಗಪ್ಪ ಸಮಾಧಾನ ಹೇಳಿದ. ಸರೋಜಮ್ಮ ಅವನನ್ನು ಹತ್ತಿರ ಕರೆದರು. ವರ್ಷದಿಂದ ಅವರು ಮಳೆಯ ವಿಷಯ ಯಾರಿಗೂ ಹೇಳುವುದನ್ನೇ ಬಿಟ್ಟಿದ್ದರಂತೆ.

"ನಾಲ್ಕೂವರೆ ಇಂಚು ಬಿದ್ದಿದೆ ಲಿಂಗಪ್ಪ. ಇವತ್ತು ಎರಡು ಗಂಟೆಯೊಳಗೆ ಸೇತುವೆ ದಾಟ್ಕೋ. ಡಾಕ್ಟ್ರನ್ನೂ ದಾಟಿಸು, ಅವರಿಗೆ ಗೊತ್ತಾಗಲ್ಲ."

ದಾರಿಗೆ ಬಿದ್ದಿದ್ದ ಮರ ಕಡಿಸಿ ಸರಿಸಿಕೊಂಡು, ಒಂದೂವರೆಗೆ ದಾಟಿ ಆಚೆ ದಡದ ಚಾ ಅಂಗಡಿಯಲ್ಲಿ ನಿಂತೆವು. ಎರಡೂ ಹತ್ತಕ್ಕೆ ಕೆಂಪು ನೀರು ಸೇತುವೆಯ ಮೇಲೆ ಹರಿಯಿತು. ಆಗಲೇ ಸಿಗ್ನಲ್ ಸಿಕ್ಕಿ ನಮ್ಮಿಬ್ಬರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಲಿಂಗಪ್ಪ ತೆಗೆದು ಗಟ್ಟಿಯಾಗಿ ಓದಿದ.

"ನಾಳೆ ಮಧ್ಯಾಹ್ನ ಎರಡಕ್ಕೆ ನೀರು ಬರುತ್ತಂತೆ ಸಾರ್. ಕಾಯೋಣ್ವಾ?"

ಅಲ್ಲಿಂದಲೇ ಫೋನು ಮಾಡಿ ಸಂದೇಶ ನಿಲ್ಲಿಸಿದೆ. ಲೇಖನ ಹಿಂದಕ್ಕೆ ಪಡೆದೆ, ತಪ್ಪು ನನ್ನದೆಂದು ವಿಚಾರಣೆಯವರಿಗೆ ಬರೆದುಕೊಟ್ಟೆ. ಯಂತ್ರದ ಮಾತು ನಿಂತಿತು. ಪುಸ್ತಕದ ಫೋಟೋಗಳು ಈಗ ಷರಾ ಕಾಲಂ ಸಮೇತ ಬರುತ್ತವೆ. ಜುಲೈ ಹದಿನೆಂಟರ ಎದುರು, ಅಂದರೆ ಹತ್ತೊಂಬತ್ತರ ಬೆಳಿಗ್ಗೆ, ಸರೋಜಮ್ಮ ಬರೆದಿದ್ದಾರೆ: "ಮೂರು ಇಂಚು ಎಂಟು ಸೆಂಟು. ಸೇತುವೆ ಮೇಲೆ ನೀರು. ಲಿಂಗಪ್ಪನಿಗೆ ಹೇಳಿದ್ದೆ, ದಾಟಿಕೊಂಡ."