ನಮಗಿಂತ ಮೊದಲೇ ಹೊರಟ ಚಿನ್ನಿ

ಫೋನಿನ ಮ್ಯಾಪ್‌ನಲ್ಲಿ ನಮ್ಮ ಬೆಕ್ಕು ಚಿನ್ನಿ ಅನಕಾಪಲ್ಲಿ ದಾಟಿ ಹೆದ್ದಾರಿಯಲ್ಲಿ ಓಡುತ್ತಿತ್ತು, ಅದೂ ಲಾರಿಯ ವೇಗದಲ್ಲಿ!

ನನಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ಮನೆ ಸಾಮಾನಿನ ಲಾರಿಯನ್ನು ಬೆಳಿಗ್ಗೆಯೇ ಕಳಿಸಿದ್ದೆವು. ನಾವು ಕಾರು ಹತ್ತುವಾಗ ನೋಡಿದರೆ ಚಿನ್ನಿ ಇಲ್ಲ. ಮೊದಲೇ ಊರು ಬಿಡಲು ಒಲ್ಲೆ ಎನ್ನುತ್ತಿದ್ದ ಮಗಳು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಆಗ ಅದರ ಕೊರಳಪಟ್ಟಿಯಲ್ಲಿದ್ದ, ಎಲ್ಲಿದೆಯೆಂದು ತೋರಿಸುವ ಟ್ಯಾಗ್ ನೆನಪಾಗಿ ನಾನು ಫೋನ್ ನೋಡಿದ್ದು.

ಆ ಬಿಸಿಲಲ್ಲಿ, ಬಾಗಿಲು ಹಾಕಿದ ಲಾರಿಯೊಳಗೆ! ಲಾರಿಯವನಿಗೆ ಫೋನ್ ಮಾಡಿದರೆ, “ಪಿಲ್ಲಿ ಲೇದು ಸಾರ್, ಸಾಮಾನೇ ಉಂದಿ!” ಎಂದು ನಕ್ಕ. ಬೆಕ್ಕು ಇಲ್ಲವಂತೆ, ಬರೀ ಸಾಮಾನಂತೆ! ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ ಬಾಗಿಲು ತುಸು ತೆರೆದಿಡಪ್ಪಾ ಎಂದು ಗೋಗರೆದು, ಕಾರು ಓಡಿಸಿಕೊಂಡು ಹೋದೆವು.

ಅಲ್ಲಿ ಫೋನ್ ಒತ್ತಿ ಟ್ಯಾಗ್‌ಗೆ ಸದ್ದು ಮಾಡಿಸಿದೆ. ‘ಟಿಣ್ ಟಿಣ್’ ಕೇಳಿಸಿದ್ದು ಸುರುಳಿ ಸುತ್ತಿಟ್ಟ ಮಗಳ ಹಾಸಿಗೆಯೊಳಗಿಂದ! ಬಿಚ್ಚಿದರೆ ಚಿನ್ನಿ ನಿಧಾನಕ್ಕೆ ಮೈಮುರಿದು ಆಕಳಿಸಿತು.

ಮುಂದಿನ ದಾರಿಯುದ್ದಕ್ಕೂ ಅದು ಮಗಳ ತೊಡೆಯ ಮೇಲೆ ಮಲಗಿತ್ತು. ತಿಂಗಳಿಂದ ಮುನಿಸಿಕೊಂಡಿದ್ದ ಹುಡುಗಿ ವಿಜಯವಾಡದ ಬೆಂಜ್ ಸರ್ಕಲ್‌ನ ವಾಹನಗಳ ನಡುವೆ ಕಿಟಕಿಯಾಚೆ ನೋಡುತ್ತಾ ಕೇಳಿದಳು: “ಅಪ್ಪಾ, ನಮ್ಮನೆ ಇನ್ನೂ ಎಷ್ಟು ದೂರ?”